ಹೆದರುವ ಮುಧೋಳ ನಾಯಿಗೆ ಏಟು ಬೇಡ, ಕೆಲಸ ಕೊಡಿ

ಪ್ರಶ್ನೆ: ನಾವು ಧಾರವಾಡದವರು. ಮನೆಯಲ್ಲಿ ಹತ್ತು ತಿಂಗಳ ಗಂಡು ಮುಧೋಳ ನಾಯಿ ಇದೆ. ಹೆಸರು ಬಾಣ. ನಾಲ್ಕು ತಿಂಗಳ ಮರಿ ಇದ್ದಾಗ ಹೊಲದ ಮನೆಯೊಂದರಿಂದ ತಂದೆವು. ನಮ್ಮ ಜೊತೆ ಚೆನ್ನಾಗಿದ್ದಾನೆ. ಆದರೆ ಯಾರಾದರೂ ಬಂದರೆ ಮಂಚದ ಹಿಂದೆ ಅಡಗುತ್ತಾನೆ, ಮುಟ್ಟಲು ಹೋದರೆ ಗುರ್ ಅನ್ನುತ್ತಾನೆ. ಹೊರಗೆ ಬೆಕ್ಕು, ಆಡು ಕಂಡರೆ ಕೈ ಕಿತ್ತು ಹೋಗುವಂತೆ ಎಳೆಯುತ್ತಾನೆ, ಕರೆದರೆ ಬರುವುದಿಲ್ಲ. ಚಪ್ಪಲಿ, ಹಾಸಿಗೆ ಎಲ್ಲ ಹರಿದು ಹಾಕಿದ್ದಾನೆ. ನಾವು ಕೆಲಸಕ್ಕೆ ಹೋದಾಗ ಮಾಳಿಗೆ ಮೇಲೆ ಕಟ್ಟುತ್ತೇವೆ. ನಮ್ಮ ಕಾಕಾ "ನಾಲ್ಕು ಬಿಗಿರಿ, ಯಜಮಾನ ಯಾರು ಅಂತ ಗೊತ್ತಾಗಲಿ" ಅಂತಾರೆ. ಕತ್ತು ಬಿಗಿಯುವ ಸರಪಳಿಯನ್ನೂ ತಂದುಕೊಟ್ಟಿದ್ದಾರೆ. ತಿಂಡಿ ಕೊಟ್ಟು ಕಲಿಸಿದರೆ, ತಿಂಡಿ ಇಲ್ಲದೆ ಮಾತೇ ಕೇಳದ ನಾಯಿ ಆಗುವುದಿಲ್ಲವೇ? ಮನೆಯಲ್ಲಿ ಆರು ವರ್ಷದ ಮಗನೂ ಇದ್ದಾನೆ.

ಉತ್ತರ: ಮೊದಲು ಆ ಸರಪಳಿಯನ್ನು ಎತ್ತಿಡಿ. ಮುಧೋಳ ನಾಯಿಯ ಕತ್ತು ಉದ್ದ ಮತ್ತು ತೆಳು. ಚರ್ಮದ ಕೆಳಗೆ ಕೊಬ್ಬು ತುಂಬಾ ಕಡಿಮೆ. ಅಂಥ ಕತ್ತಿಗೆ ಬಿಗಿಯುವ ಸರಪಳಿ ಹಾಕಿ ಜಗ್ಗಿದರೆ ಗಂಟಲಿಗೇ ಪೆಟ್ಟು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬಾಣ ಮಾಡುತ್ತಿರುವುದನ್ನು ನೀವು ತುಂಟತನ ಅಂದುಕೊಂಡಿದ್ದೀರಿ. ನಿಮ್ಮ ಪತ್ರ ಓದಿದರೆ ನನಗೆ ಅದರಲ್ಲಿ ಅರ್ಧದಷ್ಟು ಭಯ, ಇನ್ನರ್ಧ ಮಾಡಲು ಏನೂ ಕೆಲಸವಿಲ್ಲದ ಬೇಸರ ಕಾಣುತ್ತದೆ. ಏಟಿನಿಂದ ಎರಡೂ ವಾಸಿಯಾಗುವುದಿಲ್ಲ.

ಭಯದಿಂದಲೇ ಶುರು ಮಾಡೋಣ. ನಾಯಿಮರಿಗೆ ಸುಮಾರು ಮೂರು ವಾರದಿಂದ ಹನ್ನೆರಡು, ಹದಿನಾಲ್ಕು ವಾರದವರೆಗಿನ ಕಾಲ ಬಹಳ ಮುಖ್ಯ. ಆ ದಿನಗಳಲ್ಲಿ ಕಂಡ ಜನ, ಕೇಳಿದ ಸದ್ದು, ತುಳಿದ ನೆಲ ಎಲ್ಲವನ್ನೂ ಅದು "ಇದು ಇರುವಂಥದ್ದೇ, ಹೆದರಬೇಕಿಲ್ಲ" ಅಂತ ಒಪ್ಪಿಕೊಳ್ಳುತ್ತದೆ. ಆಮೇಲೆ ಬರುವ ಹೊಸದನ್ನು ಅನುಮಾನದಿಂದ ನೋಡುತ್ತದೆ. ಬಾಣ ಆ ದಿನಗಳನ್ನು ಹೊಲದ ಮನೆಯಲ್ಲಿ ಕಳೆದ. ಅಲ್ಲಿ ಅವನು ಕಂಡಿದ್ದು ನಾಲ್ಕೈದು ಮುಖ ಮಾತ್ರ ಇರಬಹುದು. ಡೋರ್‌ಬೆಲ್, ಮಿಕ್ಸರ್, ಆಟೋ ಹಾರ್ನ್, ಹತ್ತು ಜನ ಸೇರುವ ಹಾಲ್ ಯಾವುದೂ ಅವನಿಗೆ ಗೊತ್ತಿರಲಿಲ್ಲ. ಸಾಲದ್ದಕ್ಕೆ ಈಗ ಹದಿಹರೆಯ. ಈ ವಯಸ್ಸಿನಲ್ಲಿ ಹಳೆಯ ಭಯಗಳು ಮತ್ತೆ ತಲೆ ಎತ್ತುವುದುಂಟು. ತಳಿಯ ಗುಣವೂ ಸೇರಿಕೊಂಡಿದೆ. ಮುಧೋಳ ನಾಯಿ ಮನೆಯವರಿಗೆ ಜೀವ ಕೊಡುತ್ತದೆ, ಆದರೆ ಗುರುತಿಲ್ಲದವರು ಮೈ ಮುಟ್ಟುವುದು ಅದಕ್ಕೆ ಹಿಡಿಸುವುದಿಲ್ಲ. ಹಾಗಾಗಿ ಬಾಣ ಬಂದವರ ಮೇಲೆಲ್ಲ ಬಿದ್ದು ಬಾಲ ಅಲ್ಲಾಡಿಸಲಿ ಎಂದು ಆಸೆಪಡಬೇಡಿ. ಅತಿಥಿಗಳು ಕೂತಿರುವಾಗ ತನ್ನ ಚಾಪೆಯ ಮೇಲೆ ಆರಾಮವಾಗಿ ಮಲಗಿದರೆ ಅಷ್ಟು ಸಾಕು. ಈ ತಳಿಗೆ ಅದೇ ಧೈರ್ಯ.

ಗುರ್ ಅಂದಾಗ ಗದರಿಸುತ್ತೀರಾ? ದಯವಿಟ್ಟು ಬೇಡ. ಗುರುಗುಟ್ಟುವುದು "ನನಗೆ ಭಯ ಆಗ್ತಿದೆ, ದೂರ ಇರಿ" ಅನ್ನುವ ಎಚ್ಚರಿಕೆ. ಅದಕ್ಕೆ ಪೆಟ್ಟು ಕೊಟ್ಟರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. "ಹೇಳದೆ ಕೇಳದೆ ಕಚ್ಚಿಬಿಟ್ಟಿತು" ಅನ್ನುವ ಎಷ್ಟೋ ನಾಯಿಗಳ ಕಥೆ ಕೆದಕಿದರೆ ಇದೇ ಸಿಗುತ್ತದೆ. ಅವು ಹೇಳಿದ್ದವು, ಹೇಳಿದ್ದಕ್ಕೆ ಏಟು ತಿಂದಿದ್ದವು. ಗುರುಗುಟ್ಟುವುದಕ್ಕೂ ಮೊದಲು ನಾಯಿ ಬೇರೆ ಬೇರೆ ರೀತಿಯಲ್ಲಿ ಹೇಳಿರುತ್ತದೆ. ಊಟ ಇಲ್ಲದಿದ್ದರೂ ತುಟಿ ನೆಕ್ಕುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಮುಖ ಆಚೆ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಕಿವಿ ಹಿಂದಕ್ಕೆ ಒತ್ತುವುದು, ಬಾಲ ಕಾಲ ನಡುವೆ ಸೇರಿಸುವುದು. ಒಂದು ವಾರ ಸುಮ್ನೆ ಇದನ್ನು ಗಮನಿಸಿ. ಎಲ್ಲಿ, ಯಾರು ಬಂದಾಗ, ಎಷ್ಟು ದೂರದಲ್ಲಿ ಶುರುವಾಗುತ್ತದೆ ಅಂತ ನೋಡಿ. ಆ ದೂರವೇ ನಿಮ್ಮ ಕೆಲಸದ ಜಾಗ.

ಅತಿಥಿ ಬಂದಾಗ ಹೀಗೆ ಮಾಡಿ. ಬಾಗಿಲು ತೆರೆಯುವ ಗಲಾಟೆ ಮುಗಿಯುವವರೆಗೆ ಬಾಣ ಒಳಗಿನ ಕೋಣೆಯಲ್ಲಿ ಇರಲಿ, ನೆಕ್ಕಲು ಏನಾದರೂ ಇರಲಿ. ಬಂದವರು ಕೂತ ಮೇಲೆ ಬಾಗಿಲು ತೆರೆದಿಡಿ. ಅವನು ಬರುವುದೂ ಬಾರದಿರುವುದೂ ಅವನಿಗೆ ಬಿಟ್ಟದ್ದು. ಎಳೆದು ತರಬೇಡಿ. ಅತಿಥಿಗೆ ಮೊದಲೇ ಹೇಳಿ: ಕಣ್ಣಿಟ್ಟು ನೋಡಬೇಡಿ, ಕೈ ಚಾಚಬೇಡಿ, ಕರೆಯಬೇಡಿ. ಅವನು ಬಾಗಿಲಲ್ಲಿ ಇಣುಕಿದರೆ ಅತಿಥಿ ಒಂದು ಚೂರು ಕೋಳಿಮಾಂಸವನ್ನು ಅವನ ಬೆನ್ನ ಹಿಂದೆ ಬೀಳುವ ಹಾಗೆ ಎಸೆಯಲಿ. ಹೌದು, ಹಿಂದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಅತಿಥಿಯ ಕೈಯಿಂದಲೇ ತಿನ್ನಿಸಲು ಹೋಗುತ್ತಾರೆ. ನಾಯಿ ಆಸೆಗೆ ಕತ್ತು ಚಾಚಿ ಹತ್ತಿರ ಬರುತ್ತದೆ. ತಿಂಡಿ ನುಂಗಿದ ಮರುಕ್ಷಣ ತಾನು ಹೆದರುವ ಮನುಷ್ಯನ ಕೈ ಬುಡದಲ್ಲೇ ಇದ್ದೇನೆ ಅಂತ ಅರಿವಾಗುತ್ತದೆ. ಕಚ್ಚುವುದು ಆಗಲೇ. ತಿಂಡಿ ಹಿಂದೆ ಬಿದ್ದರೆ ಅವನು ದೂರ ಹೋಗಿ ತಿನ್ನುತ್ತಾನೆ, ಅಲ್ಲಿ ನಿರಾಳವಾಗುತ್ತಾನೆ, ಮತ್ತೆ ತಾನಾಗಿಯೇ ಒಂದು ಹೆಜ್ಜೆ ಮುಂದೆ ಬರುತ್ತಾನೆ.

ಕ್ರಮ ತಪ್ಪಬಾರದು. ಮೊದಲು ಅತಿಥಿ ಕಾಣಬೇಕು, ಆಮೇಲೆ ತಿಂಡಿ ಬರಬೇಕು. ರಷ್ಯಾದ ಇವಾನ್ ಪಾವ್ಲೋವ್ ನೂರು ವರ್ಷಕ್ಕೂ ಹಿಂದೆ ನಾಯಿಗಳಲ್ಲೇ ತೋರಿಸಿದ್ದು ಇದನ್ನೇ. ಒಂದು ಸದ್ದಿನ ಬೆನ್ನಿಗೆ ಪ್ರತಿ ಸಲ ಊಟ ಬಂದರೆ, ಕೊನೆಗೆ ಆ ಸದ್ದು ಕೇಳಿದರೇ ನಾಯಿ ಜೊಲ್ಲು ಸುರಿಸುತ್ತದೆ. ಅತಿಥಿಯ ಬೆನ್ನಿಗೆ ಕೋಳಿ ಬಂದರೆ ಅತಿಥಿ ಅಂದರೆ ಒಳ್ಳೆಯ ಸುದ್ದಿ. ಉಲ್ಟಾ ಮಾಡಿ, ಬೆಲ್ ಹೊಡೆಯುವ ಮೊದಲೇ ತಿಂಡಿ ಡಬ್ಬಿ ತೆಗೆದರೆ, ಡಬ್ಬಿ ಕಂಡರೇ ಹೆದರುವ ನಾಯಿ ತಯಾರಾಗುತ್ತದೆ.

ಇನ್ನು ಕಾಕಾ ಹೇಳಿದ ಯಜಮಾನಿಕೆ. ಅವರು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ, ಅನುಮಾನವಿಲ್ಲ. ಆದರೆ ಆ ಮಾತಿನ ಮೂಲ ನಾಯಿಯಲ್ಲ, ತೋಳ. ರುಡಾಲ್ಫ್ ಶೆಂಕೆಲ್ ಅನ್ನುವ ಸಂಶೋಧಕರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ 1947ರಲ್ಲಿ ಒಂದು ವರದಿ ಬರೆದರು. ಇಕ್ಕಟ್ಟಿನಲ್ಲಿ ಕೂಡಿಹಾಕಿದ್ದ ಆ ತೋಳಗಳು ಮೇಲುಗೈಗಾಗಿ ಜಗಳವಾಡುತ್ತಿದ್ದವು. ಮುಂದೆ ಅಮೆರಿಕದ ಡೇವಿಡ್ ಮೀಚ್ ಅದನ್ನು ತಮ್ಮ ಪುಸ್ತಕದಲ್ಲಿ ಸೇರಿಸಿದ್ದರಿಂದ ಅದು ಲೋಕಕ್ಕೆಲ್ಲ ಹಬ್ಬಿತು. ಅದೇ ಮೀಚ್ ಕಾಡಿನಲ್ಲಿ ವರ್ಷಗಟ್ಟಲೆ ತೋಳಗಳನ್ನು ನೋಡಿದ ಮೇಲೆ, 1999ರಲ್ಲಿ, ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮರಿಗಳ ಒಂದು ಸಂಸಾರ ಅಂತ ಬರೆದರು. ಅಲ್ಲಿ ದೊಡ್ಡವರು ಮುಂದೆ ನಡೆಯುತ್ತಾರೆ, ಮರಿಗಳು ಹಿಂದೆ ಹೋಗುತ್ತವೆ. ಹೊಡೆದಾಡಿ ಗೆದ್ದ ಯಜಮಾನ ಅಲ್ಲಿಲ್ಲ. ತೋಳಗಳ ವಿಷಯದಲ್ಲೇ ನಿಲ್ಲದ ಮಾತನ್ನು ಪಾಪದ ನಾಯಿಗಳ ಮೇಲೆ ಹೇರುವುದು ಯಾಕೆ?

ಏಟಿನಿಂದ ಏನಾಗುತ್ತದೆ ಅನ್ನುವುದನ್ನು ಅಳೆದೂ ನೋಡಿದ್ದಾರೆ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬರೀ ಬಹುಮಾನ ಕೊಟ್ಟು ಕಲಿಸುವ ಶಾಲೆಯ ನಾಯಿಗಳನ್ನೂ, ಜಗ್ಗುವ ಗದರುವ ಶಾಲೆಯ ನಾಯಿಗಳನ್ನೂ ಹೋಲಿಸಿ ನೋಡಿದರು. ಗದರುವ ಶಾಲೆಯ ನಾಯಿಗಳಲ್ಲಿ ತುಟಿ ನೆಕ್ಕುವುದು, ಆಕಳಿಕೆ ಜಾಸ್ತಿ. ಪಾಠದ ನಂತರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕೂಡ ಹೆಚ್ಚಿತ್ತು. ಇನ್ನೊಂದು ಚೆಂದದ ಪರೀಕ್ಷೆಯನ್ನೂ ಮಾಡಿದರು. ಒಂದು ಬದಿಗೆ ಬಟ್ಟಲಿಟ್ಟರೆ ಅದರಲ್ಲಿ ತಿಂಡಿ ಇರುತ್ತದೆ, ಇನ್ನೊಂದು ಬದಿಗೆ ಇಟ್ಟರೆ ಇರುವುದಿಲ್ಲ ಅಂತ ಮೊದಲು ನಾಯಿಗೆ ರೂಢಿ ಮಾಡಿಸುತ್ತಾರೆ. ಆಮೇಲೆ ಬಟ್ಟಲನ್ನು ನಡುವೆ ಇಡುತ್ತಾರೆ. ತಿಂಡಿ ಇರಬಹುದು ಅನ್ನುವ ಭರವಸೆ ಇರುವ ನಾಯಿ ಓಡಿ ಹೋಗುತ್ತದೆ, ಇಲ್ಲದ್ದು ಕಾಲೆಳೆಯುತ್ತದೆ. ಜಾಸ್ತಿ ಶಿಕ್ಷೆ ಕಂಡ ನಾಯಿಗಳು ಕಾಲೆಳೆದವು. ಆ ನಡುವಿನ ಬಟ್ಟಲನ್ನು ನೆನಪಿಡಿ, ಮುಂದೆ ಮತ್ತೆ ಅದರ ಮಾತು ಬರುತ್ತದೆ. ಅಮೆರಿಕದ ಪಶುವೈದ್ಯರ ವರ್ತನಾ ಸಂಘ 2021ರಲ್ಲಿ ಎಲ್ಲ ನಾಯಿಗಳಿಗೂ ಬಹುಮಾನದ ದಾರಿಯೇ ಇರಲಿ ಅಂತ ಹೇಳಿದೆ. ಕಚ್ಚುವ ನಾಯಿಗೂ ಸೇರಿಸಿಯೇ ಈ ಮಾತು. ವಿದ್ಯುತ್ ಶಾಕ್ ಕೊಡುವ ಕಾಲರ್ ಅನ್ನು ವೇಲ್ಸ್ 2010ರಲ್ಲೇ ನಿಷೇಧಿಸಿತು. ನಮ್ಮಲ್ಲಿ ಅದು ಇನ್ನೂ ಆನ್‌ಲೈನ್‌ನಲ್ಲಿ ಸಿಗುತ್ತಿದೆ. ಕೊಳ್ಳಬೇಡಿ.

ತಿಂಡಿ ಇಲ್ಲದೆ ಮಾತು ಕೇಳದ ನಾಯಿ ಆಗುತ್ತದೆಯೇ ಅಂತ ಕೇಳಿದ್ದೀರಿ. ಆಗುತ್ತದೆ, ನೀವು ತಿಂಡಿ ತೋರಿಸಿ ಕೆಲಸ ಕೇಳಿದರೆ. ಅದು ಲಂಚ. ಕೈ ಖಾಲಿ ಇರಲಿ, ತಿಂಡಿ ಜೇಬಿನಲ್ಲೋ ಸೊಂಟದ ಚೀಲದಲ್ಲೋ ಇರಲಿ. ಅವನು ಕೆಲಸ ಮಾಡಿದ ಕ್ಷಣಕ್ಕೆ "ಶಭಾಷ್" ಅನ್ನಿ, ಆಮೇಲೆ ಕೈ ಜೇಬಿಗೆ ಹೋಗಲಿ. ಆ ಶಭಾಷ್ ಒಂದು ಸೆಕೆಂಡಿನೊಳಗೆ ಬರಬೇಕು. ತಡವಾದರೆ ಯಾವುದಕ್ಕೆ ಮೆಚ್ಚಿದಿರಿ ಅಂತ ಅವನಿಗೆ ತಿಳಿಯುವುದಿಲ್ಲ. ಪಾಠ ಚೆನ್ನಾಗಿ ಕೂತ ಮೇಲೆ ಒಮ್ಮೆ ತಿಂಡಿ, ಒಮ್ಮೆ ಬೆನ್ನು ಸವರುವುದು, ಒಮ್ಮೆ ಗೇಟು ತೆರೆದು ಹೊರಗೆ ಕರೆದುಕೊಂಡು ಹೋಗುವುದು. ಯಾವ ಸಲ ಏನು ಬರುತ್ತದೆ ಅಂತ ಗೊತ್ತಿಲ್ಲದಿದ್ದರೆ ನಾಯಿ ಇನ್ನೂ ಹುರುಪಿನಿಂದ ಕೆಲಸ ಮಾಡುತ್ತದೆ.

ತಿಂಡಿ ಕಡಲೆಕಾಳಿನಷ್ಟಿದ್ದರೆ ಸಾಕು. ಬೇಯಿಸಿದ ಕೋಳಿ, ಮೊಟ್ಟೆ, ಪನೀರ್, ಬೇಯಿಸಿದ ಗೆಣಸು ಎಲ್ಲ ಆಗುತ್ತದೆ. ಉಪ್ಪು, ಮಸಾಲೆ ಬೇಡ. ದಿನದ ಒಟ್ಟು ಆಹಾರದಲ್ಲಿ ತಿಂಡಿಯ ಪಾಲು ನೂರಕ್ಕೆ ಹತ್ತು ದಾಟದಿರಲಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಕೆಲವು ಪೀನಟ್ ಬಟರ್ ಡಬ್ಬಿಗಳಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರುತ್ತದೆ, ಅದೂ ವಿಷವೇ. ಬೇಯಿಸಿದ ಮೂಳೆ ಚೂರುಚೂರಾಗಿ ಕರುಳಿಗೆ ಚುಚ್ಚುತ್ತದೆ. ಮಾವಿನ ವಾಟೆ ನುಂಗಿ ಆಪರೇಷನ್ ಟೇಬಲ್ ಏರಿದ ನಾಯಿಗಳಿವೆ. ಬೇಸಿಗೆಯಲ್ಲಿ ಕಸದ ಬುಟ್ಟಿಗೆ ಮುಚ್ಚಳ ಇರಲಿ.

ಎಳೆಯುವುದು, ಕರೆದರೆ ಬಾರದಿರುವುದು. ಇಲ್ಲಿ ನಿಮಗೆ ತಳಿಯನ್ನು ಅರ್ಥಮಾಡಿಕೊಳ್ಳದೆ ಗತಿ ಇಲ್ಲ. ಬಾಗಲಕೋಟೆ ಜಿಲ್ಲೆಯ ಬಯಲಿನಲ್ಲಿ ಮೊಲ ಓಡಿಸಲು ಬೆಳೆಸಿದ ನಾಯಿ ಇದು. ಕಣ್ಣಿಂದ ಬೇಟೆಯಾಡುವ ಜಾತಿ. ದೂರದಲ್ಲಿ ಏನೋ ಅಲುಗಾಡಿದರೆ ಸಾಕು, ಕಾಲು ತಾನಾಗಿ ಹೊರಡುತ್ತದೆ. ಬೆನ್ನಟ್ಟುವ ನಡುವೆ ನೀವು ಕೂಗಿದ್ದು ಅವನ ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಅದು ಮೊಂಡುತನ ಅಲ್ಲ. ಹಾಗಾಗಿ ರಸ್ತೆ ಪಕ್ಕ, ಬೇಲಿ ಇಲ್ಲದ ಬಯಲಲ್ಲಿ ಇವನನ್ನು ಯಾವತ್ತೂ ಬಿಚ್ಚಬೇಡಿ. ಎಷ್ಟೇ ಕಲಿತರೂ ಬೇಡ. ನಾಲ್ಕೂ ಕಡೆ ಗೋಡೆ ಇರುವ ಜಾಗ ಸಿಕ್ಕರೆ ಬೆಳಗಿನ ಹೊತ್ತು ಬಿಟ್ಟು ಓಡಿಸಿ. ಸಿಗದಿದ್ದರೆ ಹತ್ತು ಮೀಟರಿನ ಉದ್ದ ಹಗ್ಗ. ಅದನ್ನು ಎದೆಪಟ್ಟಿಗೆ, ಅಂದರೆ ಹಾರ್ನೆಸ್‌ಗೆ ಕಟ್ಟಿ, ಕತ್ತಿಗಲ್ಲ. ಇವನ ತಲೆ ಕತ್ತಿಗಿಂತ ಅಷ್ಟೇನೂ ದೊಡ್ಡದಲ್ಲ. ಹೆದರಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಕಾಲರ್ ಕಳಚಿಕೊಂಡು ಬರುತ್ತದೆ.

"ಬಾ" ಅನ್ನುವ ಮಾತು ನಿಮ್ಮ ಮನೆಯಲ್ಲಿ ಬಹುಶಃ ಕೆಟ್ಟುಹೋಗಿದೆ. ಸ್ನಾನ ಮಾಡಿಸಲು, ಮಾಳಿಗೆಗೆ ಕಟ್ಟಲು, ಬೈಯಲು ಕರೆದಿದ್ದೆಲ್ಲ ಅದೇ ಮಾತಿನಲ್ಲಿ ಅಲ್ವಾ? ಅದನ್ನು ಬಿಟ್ಟುಬಿಡಿ. ಒಂದು ಸೀಟಿ ತನ್ನಿ. ಮನೆಯೊಳಗೇ, ಎರಡು ಹೆಜ್ಜೆ ದೂರದಲ್ಲಿ ಸೀಟಿ ಊದಿ, ಬಂದ ತಕ್ಷಣ ಕೋಳಿ ಕೊಡಿ. ದಿನಕ್ಕೆ ಐದಾರು ಸಲ ಸಾಕು. ನಂತರ ಇನ್ನೊಂದು ಕೋಣೆಯಿಂದ, ನಂತರ ಅಂಗಳದಲ್ಲಿ, ನಂತರ ಬಯಲಲ್ಲಿ ಉದ್ದ ಹಗ್ಗದ ಮೇಲೆ. ಬಂದವನನ್ನು ಹತ್ತರಲ್ಲಿ ಒಂಬತ್ತು ಸಲ ಮತ್ತೆ ಆಟಕ್ಕೆ ಬಿಡಿ. ಡೇವಿಡ್ ಪ್ರಿಮ್ಯಾಕ್ ಅನ್ನುವ ಮನಶ್ಶಾಸ್ತ್ರಜ್ಞರ ಹೆಸರಿನಲ್ಲಿ ಇದಕ್ಕೊಂದು ತತ್ವವೇ ಇದೆ. ನಾಯಿಗೆ ತುಂಬಾ ಇಷ್ಟವಾದ ಕೆಲಸವನ್ನೇ ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಿ ಕೊಡುವುದು. ಬಾಣನಿಗೆ ಓಟಕ್ಕಿಂತ ದೊಡ್ಡ ಬಹುಮಾನ ಯಾವುದೂ ಇಲ್ಲ.

ಬೆಕ್ಕು, ಆಡು ಕಂಡಾಗ ದೂರವೇ ನಿಮ್ಮ ಗೆಳೆಯ. ಅವನು ನೋಡಿದ, ಆದರೆ ಇನ್ನೂ ಎಳೆದಿಲ್ಲ, ಆ ಕ್ಷಣ ಶಭಾಷ್ ಅನ್ನಿ, ತಿಂಡಿ ಕೊಡಿ. ಮತ್ತೆ ನೋಡಿದ, ಮತ್ತೆ ಶಭಾಷ್. ಕೆಲವು ದಿನಕ್ಕೆ ಬೆಕ್ಕನ್ನು ನೋಡಿ ನಿಮ್ಮ ಮುಖದ ಕಡೆ ತಿರುಗತೊಡಗುತ್ತಾನೆ. ಆಗ ಎರಡು ಹೆಜ್ಜೆ ಹತ್ತಿರ ಹೋಗಿ. ಎಳೆದನೋ, ನೀವು ಅವಸರ ಮಾಡಿದ್ದೀರಿ ಅಂತ ಅರ್ಥ, ಹಿಂದೆ ಬನ್ನಿ.

ಬೆನ್ನಟ್ಟುವ ಆಸೆಯನ್ನು ಅದುಮಿಡಲು ಆಗುವುದಿಲ್ಲ, ಬೇರೆ ಕಡೆ ಹರಿಸಬಹುದು. ಒಂದು ಬಿದಿರು ಕೋಲಿಗೆ ಹಗ್ಗ ಕಟ್ಟಿ, ತುದಿಗೆ ಹಳೆಯ ಬಟ್ಟೆ ಗಂಟು ಹಾಕಿ ನೆಲದ ಮೇಲೆ ಎಳೆದಾಡಿಸಿ. ಮೊದಲು ಅವನು ಕಾಯಬೇಕು, "ಹಿಡಿ" ಅಂದ ಮೇಲೆ ಓಡಬೇಕು. ಹಿಡಿಯಲು ಬಿಡಿ, ಪ್ರತಿ ಸಲ ತಪ್ಪಿಸಿದರೆ ಸಿಟ್ಟು ಬರುತ್ತದೆ. "ಬಿಡು" ಅಂದು ತಿಂಡಿಗೆ ಬದಲಾಯಿಸಿಕೊಳ್ಳಿ. ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಹತ್ತು ತಿಂಗಳಿಗೆ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಹಾಗಾಗಿ ಎತ್ತರಕ್ಕೆ ಹಾರಿಸುವುದು, ಸರಕ್ಕನೆ ತಿರುಗಿಸುವುದು ಬೇಡ. ಬಿಸಿಲೇರಿದ ಮೇಲೆ ಡಾಂಬರು ರಸ್ತೆಗೆ ಕರೆದೊಯ್ಯಬೇಡಿ. ನಿಮ್ಮ ಅಂಗೈ ಹಿಂಭಾಗವನ್ನು ಐದು ಸೆಕೆಂಡ್ ಇಡಲಾಗದ ನೆಲ ಅವನ ಪಾದಕ್ಕೂ ಬೇಡ.

ಈಗ ಆ ನಡುವಿನ ಬಟ್ಟಲು. 2019ರಲ್ಲಿ ಶಾರ್ಲೆಟ್ ಡುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದೇ ಬಗೆಯ ಪರೀಕ್ಷೆ ಮಾಡಿದರು. ಕೆಲವು ನಾಯಿಗಳಿಗೆ ಎರಡು ವಾರ ಮೂಗಿನಿಂದ ತಿಂಡಿ ಹುಡುಕುವ ಆಟ, ಇನ್ನು ಕೆಲವಕ್ಕೆ ಯಜಮಾನನ ಪಕ್ಕ ನಡೆಯುವ ಪಾಠ. ಎರಡಕ್ಕೂ ಬಹುಮಾನವಿತ್ತು. ಆದರೂ ಮೂಗಿನ ಕೆಲಸ ಮಾಡಿದ ನಾಯಿಗಳು ಮಾತ್ರ ಮೊದಲಿಗಿಂತ ಬೇಗ ನಡುವಿನ ಬಟ್ಟಲಿಗೆ ಹೋದವು. ತಾನೇ ಹುಡುಕಬೇಕು, ತಾನೇ ನಿರ್ಧರಿಸಬೇಕು, ಅನ್ನುವ ಕೆಲಸ ನಾಯಿಗೆ ಭರವಸೆ ತರುತ್ತದೆ. ಹೆದರುವ ನಾಯಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ.

ಇದಕ್ಕೆ ಖರ್ಚೂ ಇಲ್ಲ. ಬೆಳಗಿನ ಊಟವನ್ನು ಬಟ್ಟಲಿಗೆ ಹಾಕುವ ಬದಲು ಅಂಗಳದ ಹುಲ್ಲಿನಲ್ಲಿ ಚೆಲ್ಲಿ, ಹುಡುಕಿ ತಿನ್ನಲಿ. ಜೋಳದ ರೊಟ್ಟಿ ಚೂರುಗಳನ್ನು ಹಳೆಯ ಟವೆಲ್‌ನಲ್ಲಿ ಸುತ್ತಿ ಕೊಡಿ. ರಟ್ಟಿನ ಡಬ್ಬಿಯೊಳಗೆ ಕಾಗದದ ಉಂಡೆಗಳ ನಡುವೆ ತಿಂಡಿ ಹುದುಗಿಸಿ. ಡಬ್ಬಿ ಹರಿದರೆ ಹರಿಯಲಿ, ಅದಕ್ಕೇ ಕೊಟ್ಟಿದ್ದು. ಪಿನ್ನು, ಟೇಪು ಮಾತ್ರ ಮೊದಲೇ ಕಿತ್ತಿರಬೇಕು, ರಟ್ಟು ನುಂಗದಂತೆ ಕಣ್ಣಿಡಬೇಕು. ಗಟ್ಟಿ ಮೊಸರಿಗೆ ಸ್ವಲ್ಪ ಅನ್ನ ಕಲಸಿ ಸ್ಟೀಲ್ ಬಟ್ಟಲಿನಲ್ಲಿ ಫ್ರೀಜರ್‌ಗೆ ಇಟ್ಟು, ಅತಿಥಿ ಬರುವ ದಿನ ಒಳಗಿನ ಕೋಣೆಯಲ್ಲಿ ಕೊಡಿ. ನೆಕ್ಕುತ್ತಾ ನಾಯಿ ಶಾಂತವಾಗುತ್ತದೆ. ಅಂಗಳದ ಮೂಲೆಯಲ್ಲಿ ಒಂದಿಷ್ಟು ಮರಳು ಸುರಿದು ಆಟಿಕೆ ಹೂತಿಟ್ಟರೆ ಅಗೆಯಲು ಅವನಿಗೆ ಸ್ವಂತ ಜಾಗವಾಯಿತು. ಸಂಜೆಯ ನಡಿಗೆಯಲ್ಲಿ ಒಂದು ಬೀದಿಯನ್ನು ಪೂರ್ತಿ ಅವನ ಮೂಗಿಗೆ ಬಿಡಿ. ಕಂಬದ ಬುಡದಲ್ಲಿ ಎರಡು ನಿಮಿಷ ನಿಂತರೆ ನೀವೂ ನಿಲ್ಲಿ. ಆ ಬೀದಿಯ ಸುದ್ದಿಯನ್ನೆಲ್ಲ ಅವನು ಓದುತ್ತಿದ್ದಾನೆ.

ಚಪ್ಪಲಿ ಒಳಗಿಡಿ. ಅಷ್ಟೇ, ಅದಕ್ಕೆ ಪಾಠ ಬೇಕಿಲ್ಲ. ಬದಲಿಗೆ ಕಚ್ಚಲು ಹಸಿ ಕ್ಯಾರೆಟ್ಟೋ ಅಂಗಡಿಯಲ್ಲಿ ಸಿಗುವ ಗಟ್ಟಿ ಚುರ್ಪಿಯೋ (ಹಾಲಿನಿಂದ ಮಾಡಿ ಒಣಗಿಸಿದ ಗಿಣ್ಣು) ಕೊಡಿ. ನಿದ್ದೆ ಸಾಲುತ್ತಿದೆಯೇ ಅಂತಲೂ ನೋಡಿ. ಈ ವಯಸ್ಸಿನ ನಾಯಿ ದಿನದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಮಲಗಬೇಕು. ನಿದ್ದೆ ಕೆಟ್ಟ ನಾಯಿಯೂ ಸಿಕ್ಕಿದ್ದನ್ನು ಹರಿಯುತ್ತದೆ.

ಮಾಳಿಗೆ ಮೇಲೆ ಕಟ್ಟುವುದನ್ನು ಇವತ್ತೇ ನಿಲ್ಲಿಸಿ. ದಿನವಿಡೀ ಕಟ್ಟಿದ ನಾಯಿ ಒರಟಾಗುತ್ತದೆ, ಅಂಜುಬುರುಕವೂ ಆಗುತ್ತದೆ. ಓಡಿ ತಪ್ಪಿಸಿಕೊಳ್ಳಲು ಆಗದಿದ್ದರೆ ಉಳಿಯುವುದು ಕಚ್ಚುವ ದಾರಿ ಒಂದೇ. ಪ್ರಾಣಿಹಿಂಸೆ ತಡೆ ಕಾಯ್ದೆ 1960ರ 11ನೇ ಸೆಕ್ಷನ್ ಪ್ರಕಾರವೂ ನಾಯಿಯನ್ನು ಸದಾ ಕಟ್ಟಿಹಾಕಿ ಓಡಾಡಿಸದಿರುವುದು ಅಪರಾಧ. ಒಂದು ಕೋಣೆಯನ್ನು ಅವನಿಗೆ ಬಿಟ್ಟುಕೊಡಿ, ನೀರು, ದಪ್ಪ ಹಾಸಿಗೆ ಇಡಿ. ಮೈಮೇಲೆ ಮಾಂಸ ಕಡಿಮೆ ಇರುವ ನಾಯಿ ಬರಿ ಕಲ್ಲಿನ ಮೇಲೆ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ.

ಮಗನ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಮರೆತಿಲ್ಲ. ಗುರುಗುಟ್ಟುವ ನಾಯಿ, ಆರು ವರ್ಷದ ಮಗು ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬೇಡಿ, ಎಷ್ಟೇ ಗೆಳೆತನ ಇರಲಿ. ನಾಯಿ ತಿನ್ನುವಾಗ, ಮಲಗಿದಾಗ ಹತ್ತಿರ ಹೋಗಬಾರದು. ಕತ್ತು ತಬ್ಬಿಕೊಳ್ಳಬಾರದು, ಮಕ್ಕಳಿಗೆ ಅದು ಪ್ರೀತಿ, ನಾಯಿಗೆ ಸಿಕ್ಕಿಹಾಕಿಕೊಂಡಂತೆ. ಮುಟ್ಟುವುದಾದರೆ ಎದೆಯ ಪಕ್ಕ ಮೂರು ಸೆಕೆಂಡ್ ಸವರಿ ಕೈ ತೆಗೆಯಲಿ. ಬಾಣ ಹತ್ತಿರ ಸರಿದರೆ ಮತ್ತೆ ಮೂರು ಸೆಕೆಂಡ್. ಆಚೆ ನೋಡಿದರೆ ಇವತ್ತಿಗೆ ಸಾಕು. ತಿಂಡಿ ಅಡಗಿಸಿ ಹುಡುಕಿಸುವ ಆಟವನ್ನು ಮಾತ್ರ ಮಗನಿಗೇ ಕೊಡಿ, ಅವನು ಅಡಗಿಸುವಾಗ ನಾಯಿಯನ್ನು ನೀವು ಹಿಡಿದಿರಿ.

ಇದೆಲ್ಲ ಶುರು ಮಾಡುವ ಮೊದಲು ಒಮ್ಮೆ ಪಶುವೈದ್ಯರಿಗೆ ತೋರಿಸಿ. ಕಿವಿ ನೋವು, ಹಲ್ಲು ನೋವು, ಉಣ್ಣೆಹುಳ ಕಚ್ಚಿ ಬರುವ ಜ್ವರ ಇದ್ದರೆ ಮುಟ್ಟಿದಾಗ ಗುರ್ ಅನ್ನುವುದು ಸಹಜ. ರೇಬಿಸ್ ಲಸಿಕೆ ತಪ್ಪಿಲ್ಲ ತಾನೇ, ಅದನ್ನೂ ನೋಡಿಸಿ. ತಿಂಗಳು, ಒಂದೂವರೆ ತಿಂಗಳು ಹೀಗೆ ನಡೆಸಿದ ಮೇಲೂ ಅತಿಥಿ ಬಂದಾಗ ಅವನು ಕೋಳಿಯನ್ನೂ ಮುಟ್ಟದೆ ನಡುಗುತ್ತಿದ್ದರೆ, ಅಥವಾ ಒಂದು ಸಲ ಹಲ್ಲು ತಾಗಿಸಿದರೆ, ಕಾಯಬೇಡಿ. ಭಯ ಅಷ್ಟು ಜಾಸ್ತಿ ಇರುವ ನಾಯಿಗಳಿಗೆ ವೈದ್ಯರು ಬರೆದುಕೊಡುವ ಔಷಧಿಯೂ ಇದೆ. ಪಾಠದ ಜೊತೆ ಅದನ್ನು ಕೊಟ್ಟರೆ ಮೊದಲ ಸಲ ಅವನ ತಲೆಗೆ ಪಾಠ ಹತ್ತುತ್ತದೆ. ದೀಪಾವಳಿಯ ಪಟಾಕಿಗೂ ಅದೇ ಮಾತು. ಹಬ್ಬಕ್ಕೆ ಎರಡು ದಿನ ಇರುವಾಗಲ್ಲ, ಎರಡು ತಿಂಗಳು ಇರುವಾಗಲೇ ವೈದ್ಯರನ್ನು ಕೇಳಿ.